ತಳದಲ್ಲಿ ಬರೆಯದ ತೂಕ

ಖಾರಘರದ ಒಂದು ಏಳನೇ ಮಹಡಿಯ ಫ್ಲ್ಯಾಟು. ಟೀವಿ ಪಕ್ಕದ ಶೋಕೇಸಿನಲ್ಲಿ ಎರಡು ವಸ್ತುಗಳಿವೆ. ಒಂದು, ಕಪ್ಪು ಮೈಮೇಲೆ ಬೆಳ್ಳಿ ಬಳ್ಳಿ ಹಬ್ಬಿದ ಬಿದ್ರಿ ಹೂದಾನಿ. ಮನೆಯೊಡತಿ ಬೀದರಿನಿಂದ ಮದುವೆಯಾಗಿ ಬಂದಾಗ ತವರಿನವರು ಕೊಟ್ಟದ್ದು. ಇನ್ನೊಂದು, ಎರಡು ಹಿಡಿಗಳ ಬಟ್ಟಲು. ಹೊರಮೈ ತುಂಬ ನಾಟಕದ ಮುಖವಾಡಗಳು, ನಡುನಡುವೆ ಎಲೆಗಳು. ಯೂರೋಪಿನಲ್ಲಿ ಓದುತ್ತಿರುವ ಮಗ ಅಲ್ಲಿನ ಮ್ಯೂಸಿಯಂ ಅಂಗಡಿಯೊಂದರಿಂದ ತಂದದ್ದು. ರೋಮನ್ ಕಾಲದ ಬೆಳ್ಳಿ ಪಾತ್ರೆಯ ನಕಲು.

ಬಂದವರೆಲ್ಲ ಮೊದಲು ಕೈಗೆತ್ತಿಕೊಳ್ಳುವುದು ಬಟ್ಟಲನ್ನೇ. ಕೇಳುವುದೂ ಒಂದೇ ಪ್ರಶ್ನೆ.

"ಖರೇ ಬೆಳ್ಳಿ ಅದಾ ಅಕ್ಕಾ?"

"ಇಲ್ಲವಾ, ಡುಪ್ಲಿಕೇಟ್ ಅದ. ಮ್ಯಾಲ ಬೆಳ್ಳಿ ನೀರು ಹಾಕ್ಯಾರ."

ಡುಪ್ಲಿಕೇಟ್ ಎನ್ನುವಾಗ ಅವರ ದನಿ ಒಂದಿಷ್ಟು ತಗ್ಗುತ್ತದೆ. ಕೇಳಿದವರ ಕೈ ಬಟ್ಟಲನ್ನು ಒಳಗಿಟ್ಟುಬಿಡುತ್ತದೆ. ಮಾತು ಅಲ್ಲಿಗೆ ಮುಗಿಯಿತು. ಈ ಬಟ್ಟಲು ಯಾವ ಕಾಲದ್ದು, ಮೂಲ ಎಲ್ಲಿ ಸಿಕ್ಕಿತು, ಇದರಲ್ಲಿ ಯಾರು ಏನು ಕುಡಿಯುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ನಕಲು ಎಂದು ಗೊತ್ತಾದ ಮೇಲೆ ಕೇಳುವುದಕ್ಕೆ ಇನ್ನೇನಿದೆ? ಪಕ್ಕದ ಹೂದಾನಿಯನ್ನೂ ತಲೆಮಾರುಗಳಿಂದ ಬಂದ ಮಾದರಿ ನೋಡಿಯೇ ಕುಸುರಿಗಾರ ಮಾಡಿದ್ದು. ಅದನ್ನು ಮಾತ್ರ ಯಾರೂ ಡುಪ್ಲಿಕೇಟ್ ಎನ್ನುವುದಿಲ್ಲ.

ತಗ್ಗಿದ ಆ ದನಿಯ ಹಿಂದೆ ಎರಡು ತಪ್ಪುಗಳಿವೆ. ನಕಲು ಎಂದರೆ ಮೋಸ ಎಂದುಕೊಳ್ಳುವುದು ನಮ್ಮ ತಪ್ಪು. ಹಾಗೆಂದುಕೊಳ್ಳುವುದಕ್ಕೆ ದಾರಿ ಮಾಡಿಕೊಟ್ಟದ್ದು ಮಾಡುವವರ, ಮಾರುವವರ ತಪ್ಪು. ಎರಡಕ್ಕೂ ಬೆಲೆ ತೆರುತ್ತಿರುವವರು ಮಾತ್ರ ಖಾರಘರ, ಕಲ್ಯಾಣ, ಚಿತ್ರದುರ್ಗ, ಬೀದರಿನಂಥ ಊರುಗಳ ಮಕ್ಕಳು.

ಮೊದಲು ಪದವನ್ನೇ ನೋಡೋಣ. 'ಅಸಲು' ಮತ್ತು 'ನಕಲು' ಎರಡೂ ಅರಬ್ಬಿಯಿಂದ ಬಂದವು. ಅಸಲು ಎಂದರೆ ಬೇರು. ನಕಲು ಎಂಬುದರ ಮೂಲ ಅರ್ಥ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಬೇರು ಒಂದೇ ಕಡೆ ಇರುತ್ತದೆ, ನಕಲು ಊರೂರಿಗೆ ಹೋಗುತ್ತದೆ. ಇದರಲ್ಲಿ ಅವಮಾನದ ಮಾತು ಎಲ್ಲಿದೆ? ಪರೀಕ್ಷಾ ಕೊಠಡಿಯಲ್ಲಿ ನಕಲು ಮಾಡಿದರೆ ಡಿಬಾರ್ ಆಗುತ್ತಾರೆ, ನಿಜ. ಆದರೆ ತಾಲ್ಲೂಕು ಕಚೇರಿಯಲ್ಲಿ ಕಾಗದಪತ್ರಗಳ ನಕಲಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಸಾಲಿನಲ್ಲಿ ನಿಂತು ಪಡೆಯುತ್ತಾರೆ. ಆ ನಕಲಿಗೆ ಕೋರ್ಟಿನಲ್ಲಿಯೂ ಬೆಲೆಯಿದೆ. ಪದ ಒಂದೇ. ಎರಡರ ನಡುವಿನ ವ್ಯತ್ಯಾಸ ಒಂದು ಮೊಹರು, ಒಂದು ಸಹಿ, ಒಂದು ತಾರೀಖು. 'ನಾನು ನಕಲು, ಇಂಥದರ ನಕಲು, ಇಂಥ ದಿನ ಮಾಡಿದ್ದು' ಎಂದು ತಾನೇ ಹೇಳಿಕೊಳ್ಳುವ ವಸ್ತು ದಾಖಲೆ. ಬಾಯಿ ಮುಚ್ಚಿಕೊಂಡು ಅಸಲಿನ ಜಾಗದಲ್ಲಿ ಕೂರುವ ವಸ್ತು ಖೋಟಾ.

ಖಾರಘರದ ಆ ಬಟ್ಟಲನ್ನು ಮಗುಚಿ ನೋಡಿದರೆ ತಳದಲ್ಲಿ ಏನೂ ಇಲ್ಲ. ಬೆಲೆಯ ಚೀಟಿ ಒಂದಿತ್ತು, ಮೊದಲ ಸಲ ತೊಳೆದಾಗಲೇ ಕಿತ್ತುಬಂತು. ಯಾವ ಪಾತ್ರೆಯ ನಕಲು, ಯಾವ ಲೋಹ, ಯಾವ ವರ್ಷ, ಯಾರು ಮಾಡಿದ್ದು, ಯಾವುದೂ ಇಲ್ಲ. ಮ್ಯೂಸಿಯಂ ಎಂಬ ಹೆಸರಿನಲ್ಲಿ ಅಂಗಡಿ ನಡೆಸುವವರು ಮಾರಿದ ವಸ್ತುವಿನ ಕಥೆ ಇದು. ನಮ್ಮಲ್ಲಿ ಐವತ್ತು ರೂಪಾಯಿಯ ಸ್ಟೀಲ್ ಲೋಟಕ್ಕೂ ಇದಕ್ಕಿಂತ ಹೆಚ್ಚಿನ ಗುರುತಿರುತ್ತದೆ. ಪಾತ್ರೆ ಅಂಗಡಿಯಲ್ಲಿ ಕೊಂಡ ತಕ್ಷಣ ಅಲ್ಲೇ ಕೂತವನ ಕೈಗೆ ಕೊಟ್ಟು, ಗರ್ರೆನ್ನುವ ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತೇವೆ. ಯಾರ ಮನೆಯದು, ಯಾರ ಮದುವೆಗೆ ಯಾರು ಕೊಟ್ಟದ್ದು, ತಾರೀಖು ಯಾವುದು, ಎಲ್ಲವೂ ಅಲ್ಲಿರುತ್ತದೆ. ಮೂವತ್ತು ವರ್ಷದ ನಂತರ ಮದುವೆಮನೆಯ ಅಡುಗೆಯಲ್ಲಿ ಕೊಳಗ ಬದಲಾದರೂ ಮರಳಿ ಮನೆ ಸೇರುವುದು ಆ ಚುಕ್ಕಿಗಳ ದಯೆಯಿಂದ.

ರೋಮನ್ನರೂ ಇದನ್ನೇ ಮಾಡುತ್ತಿದ್ದರು. ಅವರ ಬೆಳ್ಳಿ ಪಾತ್ರೆಗಳ ತಳದಲ್ಲಿ ಗೀಚಿದ ಅಥವಾ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಬರಹಗಳು ಸಿಗುತ್ತವೆ. ಮಾಲೀಕನ ಹೆಸರು, ಅದರ ಜೊತೆಗೆ ತೂಕ. ಸುಮಾರು 327 ಗ್ರಾಮಿನ ರೋಮನ್ ಪೌಂಡು, ಅದರ ಹನ್ನೆರಡನೇ ಒಂದು ಭಾಗದ ಔನ್ಸು, ಆ ಲೆಕ್ಕದಲ್ಲಿ. ಊಟದ ಮೇಜಿನ ಬೆಳ್ಳಿ ಏಕಕಾಲಕ್ಕೆ ಅಲಂಕಾರವೂ ಹೌದು, ಉಳಿತಾಯವೂ ಹೌದು. ಕಷ್ಟ ಬಂದರೆ ತೂಗಿ ಮಾರಬೇಕು, ಆಳು ಕದ್ದು ಅಂಚು ಕತ್ತರಿಸಿದರೆ ಗೊತ್ತಾಗಬೇಕು. ಮೇಲ್ಮೈ ಅತಿಥಿಗೆ, ತಳ ಯಜಮಾನನಿಗೆ.

ಇಲ್ಲಿಯೇ ನಕಲಿನ ನಿಜವಾದ ತೊಡಕು ಇರುವುದು. 19ನೇ ಶತಮಾನದಲ್ಲಿ ವಿದ್ಯುತ್ತಿನಿಂದ ಲೋಹದ ಪಡಿಯಚ್ಚು ತೆಗೆಯುವ ವಿಧಾನ ಬಂತು. ಮೂಲ ಪಾತ್ರೆಯ ಅಚ್ಚು ತೆಗೆದು, ಒಳಮೈಗೆ ಗ್ರಾಫೈಟ್ ಪುಡಿ ಸವರಿ, ತಾಮ್ರದ ಲವಣದ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ತಾಮ್ರ ಕಣಕಣವಾಗಿ ಅಚ್ಚಿನ ಮೇಲೆ ಕೂರುತ್ತದೆ. ಆಮೇಲೆ ಅದಕ್ಕೆ ಬೆಳ್ಳಿಯ ಲೇಪ. ಉಳಿಯ ಗೆರೆ, ಬಳಸಿ ಸವೆದ ಜಾಗ, ಬಿದ್ದ ಪೆಟ್ಟು, ಎಲ್ಲವೂ ಹಾಗೇ ಮೂಡುತ್ತವೆ. ತಳದಲ್ಲಿ ತೂಕ ಬರೆದಿದ್ದರೆ ಅದೂ ಮೂಡುತ್ತದೆ. ಆದರೆ ತಾಮ್ರದ ತೆಳು ಚಿಪ್ಪಿಗೆ ಆ ತೂಕವಿರುವುದಿಲ್ಲ. ಅಂದರೆ ಅತ್ಯಂತ ನಿಷ್ಠೆಯ ನಕಲು ತನ್ನ ತೂಕದ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಅದನ್ನು ನಿಜ ಮಾಡುವ ದಾರಿ ಒಂದೇ: ಪಕ್ಕದಲ್ಲಿ ನಕಲು ತನ್ನದೇ ಗುರುತನ್ನು ಬರೆದುಕೊಳ್ಳಬೇಕು.

ಇದೇನೂ ಹೊಸ ಜಗಳವಲ್ಲ. ಒಂದನೇ ಶತಮಾನದ ಪ್ಲಿನಿಯ ಗ್ರಂಥದಲ್ಲಿ ಎರಡು ಸಂಗತಿಗಳಿವೆ. ಪೈಥಿಯಸ್ ಎಂಬ ಕುಶಲಕರ್ಮಿ ಸಣ್ಣ ಬಟ್ಟಲುಗಳ ಮೇಲೆ ಅಡುಗೆಯವರ ಪುಟ್ಟ ಆಕೃತಿಗಳನ್ನು ಮೂಡಿಸಿದ್ದ. ಅವು ಎಷ್ಟು ನಾಜೂಕೆಂದರೆ ಹಾಳಾದಾವೆಂಬ ಭಯದಿಂದ ಅಚ್ಚು ತೆಗೆಯಲೂ ಬಿಡುತ್ತಿರಲಿಲ್ಲ. ಇನ್ನೊಂದೆಡೆ, ನೀರೋ ಚಕ್ರವರ್ತಿಯ ಬೃಹತ್ ಪ್ರತಿಮೆ ಮಾಡಿದ ಜೆನೊಡೋರಸ್ ಎಂಬಾತ ಹಳೆಯ ಗ್ರೀಕ್ ಶಿಲ್ಪಿ ಕಲಾಮಿಸ್ ಕೆತ್ತಿದ ಎರಡು ಬಟ್ಟಲುಗಳ ನಕಲು ಮಾಡಿದ. ಮೂಲಕ್ಕೂ ನಕಲಿಗೂ ಕಲೆಯಲ್ಲಿ ವ್ಯತ್ಯಾಸ ಹೇಳುವುದೇ ಕಷ್ಟ ಎಂದು ಪ್ಲಿನಿ ಹೇಳುವುದು ಹೊಗಳಿಕೆಯ ಮಾತಾಗಿ. ರೋಮನ್ನರಿಗೇ ಇಲ್ಲದ ನಾಚಿಕೆ ರೋಮನ್ ಬಟ್ಟಲಿನ ನಕಲು ಇಟ್ಟುಕೊಂಡ ಖಾರಘರದ ಅಕ್ಕನಿಗೆ ಏಕೆ?

ಯೂರೋಪಿನವರೂ ಈ ನಾಚಿಕೆಯನ್ನು ಬಹಳ ಹಿಂದೆಯೇ ಬಿಟ್ಟರು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂನ ಹೆನ್ರಿ ಕೋಲ್ ಮುಂದೆ ನಿಂತು, ಕಲಾಕೃತಿಗಳ ಪ್ರತಿಗಳನ್ನು ಎಲ್ಲ ದೇಶಗಳ ಮ್ಯೂಸಿಯಂಗಳಿಗಾಗಿ ಮಾಡಿಸಿ ಹಂಚಿಕೊಳ್ಳುವ ಒಪ್ಪಂದಕ್ಕೆ ಯೂರೋಪಿನ 15 ರಾಜಕುಮಾರರ ಸಹಿ ಹಾಕಿಸಿದ. ಮರುವರ್ಷವೇ, 1868ರ ಅಕ್ಟೋಬರಿನಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್ ಊರಿನ ಗುಡ್ಡದಲ್ಲಿ ಗುಂಡು ಹೊಡೆಯುವ ಅಭ್ಯಾಸಕ್ಕೆ ನೆಲ ಅಗೆಯುತ್ತಿದ್ದ ಸೈನಿಕರಿಗೆ ರೋಮನ್ ಬೆಳ್ಳಿಯ ಊಟದ ಪಾತ್ರೆಗಳ ರಾಶಿಯೇ ಸಿಕ್ಕಿತು, ಸುಮಾರು 70. ಅಸಲು ಬರ್ಲಿನ್ನಿಗೆ ಹೋಯಿತು. ಪ್ಯಾರಿಸ್ಸಿನ ಕ್ರಿಸ್ಟೋಫ್ಲ್‌ನಂಥ ಕಂಪನಿಗಳು ತೆಗೆದ ಪಡಿಯಚ್ಚುಗಳು ಎಲ್ಲೆಲ್ಲೋ ಹೋದವು. ಹಿಲ್ಡೆಸ್‌ಹೈಮ್‌ನವರು ತಮ್ಮೂರಿನ ಮಣ್ಣಿನಲ್ಲಿ ಸಿಕ್ಕಿದ್ದನ್ನು ತಮ್ಮೂರಿನ ಮ್ಯೂಸಿಯಂನಲ್ಲಿ ನೋಡುವುದು ಇಂದಿಗೂ ನಕಲಿನ ರೂಪದಲ್ಲಿಯೇ. ಅಷ್ಟೇ ಏಕೆ, ಪ್ರತಿ ಜುಲೈನಲ್ಲಿ ವಿಂಬಲ್ಡನ್ ಗೆದ್ದ ಮಹಿಳೆ ತಲೆಯ ಮೇಲೆತ್ತಿ ಹಿಡಿಯುವ ಬೆಳ್ಳಿ ತಟ್ಟೆಯೂ ನಕಲು. ಲೂವ್ರ್ ಮ್ಯೂಸಿಯಂನಲ್ಲಿರುವ ಸೀಸ-ತವರದ ತಟ್ಟೆಯೊಂದರ ಪ್ರತಿಯಾಗಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ ಅದನ್ನು 1864ರಲ್ಲಿ ಮಾಡಿತು. ಅದನ್ನು ಗೆದ್ದವರು ಯಾರೂ 'ಡುಪ್ಲಿಕೇಟ್ ಅದ' ಎಂದು ದನಿ ತಗ್ಗಿಸಿದ್ದಿಲ್ಲ.

ಇದಕ್ಕೆ ಒಂದು ತಕರಾರು ಬರುತ್ತದೆ, ಗಟ್ಟಿ ತಕರಾರೇ. ನಕಲುಗಳ ಈ ಸಂಭ್ರಮ ಸಾಮ್ರಾಜ್ಯದ ಸಂಭ್ರಮವೂ ಆಗಿತ್ತಲ್ಲವೇ? ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಟ್ಟು, ಚಂದ ಎಂದರೆ ಇದು ಎಂದು ನಮ್ಮ ಹುಡುಗರಿಗೆ ಕಲಿಸಿದ್ದು ಅದೇ ಕಾಲವಲ್ಲವೇ? ಹೌದು. ಅದೇ ಹೊತ್ತಿನಲ್ಲಿ, 1869-70ರಲ್ಲಿ, ಹೆನ್ರಿ ಕೋಲ್‌ನ ಮಗ ಲೆಫ್ಟಿನೆಂಟ್ ಕೋಲ್ ಸಾಂಚಿಯ ಪೂರ್ವ ತೋರಣದ ಅಚ್ಚು ತೆಗೆಸಿ ಯೂರೋಪಿಗೆ ಸಾಗಿಸಿದ. ಆ ತೋರಣದ ಕಲ್ಲಿನ ಪ್ರತಿಯೊಂದು 2022ರಲ್ಲಿ ಬರ್ಲಿನ್ನಿನ ಹಂಬೋಲ್ಟ್ ಫೋರಂ ಎದುರು ಎದ್ದು ನಿಂತಿದೆ. ಅಂದರೆ ನಮ್ಮದರ ನಕಲು ಅವರ ರಾಜಧಾನಿಯ ನಡುವೆ ಇದೆ, ನಮ್ಮದು ನಮ್ಮ ಊರುಗಳಲ್ಲಿ ಇಲ್ಲ. ಹಾಗಿದ್ದರೆ ಸಿಟ್ಟು ಯಾರ ಮೇಲೆ ಬರಬೇಕು? ನಕಲಿನ ಮೇಲೋ, ನಕಲು ಮಾಡಿಸುವ ಅಧಿಕಾರವನ್ನು ಇನ್ನೊಬ್ಬರ ಕೈಯಲ್ಲೇ ಬಿಟ್ಟು ಕೂತ ನಮ್ಮ ಮೇಲೋ?

ಏಕೆಂದರೆ ಖಾರಘರದ ಮನೆಗೆ ಬಂದ ರೋಮನ್ ಬಟ್ಟಲು ಈ ಸೀಮೆಗೆ ಹೊಸ ನೆಂಟನೇನಲ್ಲ. ಖಾರಘರದಿಂದ ತಳೋಜಾ, ಶೀಳ್ ಫಾಟಾ ದಾಟಿ ಹೋದರೆ ಕಲ್ಯಾಣ. ಕೆಂಪು ಸಮುದ್ರದಿಂದ ಭಾರತದ ಕರಾವಳಿಯವರೆಗಿನ ವ್ಯಾಪಾರವನ್ನು ವಿವರಿಸುವ, ಒಂದನೇ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್'ನಲ್ಲಿ ಆ ಊರು 'ಕಲ್ಲಿಯೇನ' ಎಂಬ ಹೆಸರಿನಲ್ಲಿದೆ. ಹಿರಿಯ ಸರಗನಸ್‌ನ ಕಾಲದಲ್ಲಿ, ಅಂದರೆ ಶಾತವಾಹನರ ಒಬ್ಬ ಶಾತಕರ್ಣಿಯ ಕಾಲದಲ್ಲಿ, ಅದು ಕಾಯ್ದೆಬದ್ಧ ಬಂದರಾಗಿತ್ತು. ಆಮೇಲೆ ಸಂದನಸ್ ಎಂಬವನ ಕೈಗೆ ಹೋದ ಮೇಲೆ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಬರಿಗಾಜಕ್ಕೆ, ಅಂದರೆ ಭರೂಚಿಗೆ ಒಯ್ಯುತ್ತಿದ್ದರು ಎನ್ನುತ್ತದೆ ಆ ಪುಸ್ತಕ. ಭರೂಚಿನ ರಾಜನಿಗಾಗಿ ಬರುತ್ತಿದ್ದ ಸರಕುಗಳ ಪಟ್ಟಿಯಲ್ಲಿ ಒಳ್ಳೆಯ ದ್ರಾಕ್ಷಾರಸ, ಹಾಡುವ ಹುಡುಗರು, ದುಬಾರಿ ಬಟ್ಟೆ, ಇವುಗಳ ಜೊತೆಗೆ ಬೆಲೆಬಾಳುವ ಬೆಳ್ಳಿ ಪಾತ್ರೆಗಳೂ ಇವೆ. ಎಂದರೆ ಎರಡು ಸಾವಿರ ವರ್ಷಗಳ ಹಿಂದೆ ಇದೇ ಕಡಲಂಚಿನಲ್ಲಿ ಇಂಥ ಬಟ್ಟಲುಗಳು ಹಡಗಿನಿಂದ ಇಳಿಯುತ್ತಿದ್ದವು. ಬೆಳ್ಳಿಗೆ ಒಂದು ಶಾಪವಿದೆ, ಅದು ಬಹಳ ಸುಲಭವಾಗಿ ಕರಗುತ್ತದೆ. ಕೊನೆಗೆ ಉಳಿಯುವುದು ತೂಕ, ಆಕಾರವಲ್ಲ. ಹಾಗೆ ಕರಗಬಲ್ಲ ವಸ್ತುವಿನ ಆಕಾರವನ್ನು ಉಳಿಸುವ ಕೆಲಸ ನಕಲಿನದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ದಖ್ಖನಿನ ತೇರ್, ಕೊಂಡಾಪುರದಂಥ ನೆಲೆಗಳಲ್ಲಿ ರೋಮನ್ ನಾಣ್ಯಗಳನ್ನು ನೋಡಿ ಮಣ್ಣಿನಲ್ಲಿ ಒತ್ತಿದ ಬಿಲ್ಲೆಗಳು ಸಿಕ್ಕಿವೆ, ಕೊರಳಿಗೆ ಕಟ್ಟಿಕೊಳ್ಳಲು ಕುಣಿಕೆ ಇರುವಂಥವು. ಟೈಬೀರಿಯಸ್ ಚಕ್ರವರ್ತಿಯ ಮುಖವನ್ನು ಮಣ್ಣಿನಲ್ಲಿ ಅಚ್ಚೊತ್ತಿ ಕೊರಳಿಗೆ ಹಾಕಿಕೊಂಡ ಆ ಹೆಣ್ಣುಮಗಳನ್ನು ಯಾರಾದರೂ 'ಖರೇ ಬೆಳ್ಳಿ ಅದಾ' ಎಂದು ಕೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳೇನೋ. ಬೆಳ್ಳಿಯಲ್ಲ ಎಂಬುದು ಕಣ್ಣಿಗೆ ಕಾಣುತ್ತಲೇ ಇತ್ತು.

ಕನ್ನಡಿಗರಿಗೆ ಇನ್ನೂ ಹತ್ತಿರದ ಸಾಕ್ಷಿ ಕೊಲ್ಹಾಪುರದಲ್ಲಿದೆ. ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ 1944-45ರ ಸುಮಾರಿಗೆ ಲೋಹದ ವಸ್ತುಗಳ ದೊಡ್ಡ ನಿಧಿ ಸಿಕ್ಕಿತು. ಅದರಲ್ಲಿ ರೋಮನ್ ಲೋಕದಿಂದ ಬಂದ ಕಂಚಿನ ಹೂಜಿ, ಕನ್ನಡಿ, ಸಮುದ್ರದೇವತೆ ಪೊಸೈಡನ್‌ನ ಪುಟ್ಟ ವಿಗ್ರಹ ಇದ್ದವು. ಅಲ್ಲಿ ಅಗೆತ ನಡೆಸಿದವರು ರಾಜಾರಾಮ್ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಕೆ.ಜಿ. ಕುಂದಣಗಾರರು. 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು ಇವರೇ. ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ 1960ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಅದು 'ಕುಂದಣಗಾರ್ ನಿಧಿ'. ಶಾಸನ ಓದುತ್ತಿದ್ದ ಕನ್ನಡ ಮೇಷ್ಟ್ರ ಹೆಸರು ರೋಮನ್ ಕಂಚಿಗೆ ಅಂಟಿಕೊಂಡಿದೆ. ಎಷ್ಟು ಕನ್ನಡಿಗರಿಗೆ ಇದು ಗೊತ್ತು?

ಆ ಪೊಸೈಡನ್ ಇಂದು ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂನಲ್ಲಿದ್ದಾನೆ. ಇಲ್ಲಿ ಅಸಲು ಎಂಬ ಮಾತೇ ಸಡಿಲವಾಗುತ್ತದೆ. ಲಿಸಿಪ್ಪಸ್ ಎಂಬ ಗ್ರೀಕ್ ಶಿಲ್ಪಿಯದೆಂದು ಹೇಳಲಾಗುವ ದೊಡ್ಡ ಪ್ರತಿಮೆಯೊಂದರ ಮಾದರಿಯಲ್ಲಿ ಮಾಡಿದ ಚಿಕ್ಕ ಪ್ರತಿ ಅದು. ಕೊಲ್ಹಾಪುರ ಹೆಮ್ಮೆಯಿಂದ ಕಾಪಾಡಿಕೊಂಡಿರುವ ಅಸಲು ತಾನೇ ಒಂದು ನಕಲು. ಹಡಗೇರಿ, ಘಟ್ಟ ಹತ್ತಿ ಬಂದ ನಕಲು. ಅರಬ್ಬಿಯ ಅರ್ಥದಲ್ಲಿ ಇದಕ್ಕಿಂತ ಸಾಚಾ ನಕಲು ಬೇರೆಲ್ಲಿ ಸಿಗಬೇಕು?

ಹಾಗಿದ್ದೂ ಕಲ್ಯಾಣದ ಶಾಲೆಯ ಹುಡುಗಿಗೆ ತನ್ನ ಊರಿನ ಹೆಸರು ಗ್ರೀಕ್ ಪುಸ್ತಕದಲ್ಲಿದೆ ಎಂಬುದನ್ನು ಕೈಯಲ್ಲಿ ಹಿಡಿದು ತಿಳಿಯುವ ದಾರಿಯಿಲ್ಲ. ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕ ಚಂದ್ರವಳ್ಳಿಯ ಪಕ್ಕದ ಚಿತ್ರದುರ್ಗದ ಹುಡುಗನಿಗೂ ಇಲ್ಲ. ಮುಂಬಯಿಗೋ ಬೆಂಗಳೂರಿಗೋ ಟ್ರಿಪ್ ಹೋದಾಗ ಗಾಜಿನ ಆಚೆಗೆ ಒಂದು ನಿಮಿಷ, 'ಮುಟ್ಟಬೇಡ' ಎಂಬ ಕಾವಲಿನವರ ಮಾತು, ಮುಂದೆ ನಡೆ. ಅಸಲನ್ನು ಮುಟ್ಟಬಾರದು, ಒಪ್ಪೋಣ. ಮುಟ್ಟಬಾರದ್ದಕ್ಕೆ ಮುಟ್ಟಬಹುದಾದ ಜೊತೆಯೊಂದನ್ನು ಮಾಡಿಕೊಡಲು ಅಡ್ಡಿಯೇನು? ಹೂಜಿಯ ಹಿಡಿ ಯಾವ ಬೆರಳಿಗೆ ಒಗ್ಗುತ್ತದೆ, ಬಾಯಿ ಎಷ್ಟು ಕಿರಿದು, ತುಂಬಿದರೆ ಎಷ್ಟು ಭಾರ, ಇವೆಲ್ಲ ಗಾಜಿನ ಆಚೆಯಿಂದ ತಿಳಿಯುವುದಿಲ್ಲ. ಊಟದ ಪಾತ್ರೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಸೇರಿದ್ದು.

ನಕಲು ಹೆಚ್ಚಿದರೆ ಖೋಟಾ ಮಾರುವವರಿಗೆ ಅನುಕೂಲ ಎಂಬ ಎರಡನೇ ತಕರಾರನ್ನು ಮ್ಯೂಸಿಯಂನವರೇ ಎತ್ತುತ್ತಾರೆ. ಇದು ತಲೆಕೆಳಗಾದ ವಾದ. 1972ರ ಪುರಾತನ ವಸ್ತುಗಳ ಕಾಯ್ದೆ ಇರುವ ದೇಶ ಇದು. ಹೊಸ ಕಂಚಿನ ವಿಗ್ರಹವನ್ನು ಹೊರದೇಶಕ್ಕೆ ಒಯ್ಯಬೇಕಾದರೆ, ಇದು ಪುರಾತನವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಇಲಾಖೆಯೇ ಕೊಡುತ್ತದೆ. ಹೊಸದಕ್ಕೆ ಹೊಸದೆಂಬ ಚೀಟಿ ಕೊಡಲು ಬರುವ ಸರ್ಕಾರಕ್ಕೆ, ಅದನ್ನು ಮಾಡುವಾಗಲೇ ತಳದಲ್ಲಿ ಕೆತ್ತಿಸಲು ಬರುವುದಿಲ್ಲವೇ? ಖೋಟಾ ಬೆಳೆಯುವುದು ನಕಲು ಹೆಚ್ಚಾದಾಗ ಅಲ್ಲ, ಗುರುತಿಲ್ಲದ ನಕಲು ಹೆಚ್ಚಾದಾಗ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಹೇಳಿದ ಮಾತ್ರಕ್ಕೆ ಸುಣ್ಣ ಮಾರುವುದನ್ನು ಯಾರೂ ನಿಲ್ಲಿಸಿಲ್ಲ. ಡಬ್ಬಿಯ ಮೇಲೆ ಸುಣ್ಣ ಎಂದು ಬರೆದರೆ ಸಾಕು.

ಮಾಡುವವರಿಲ್ಲ ಎಂಬ ಮಾತನ್ನಂತೂ ಯಾರೂ ಆಡಬಾರದು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿ, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಲ್ಲಿ ಕಪ್ಪಾಗಿಸುವ ಕೈಗಳು ಇನ್ನೂ ಇವೆ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಪ್ರಶಸ್ತಿ ಕೊಡುವುದು ಸುಲಭ, ಕೆಲಸ ಕೊಡುವುದು ಕಷ್ಟ. ಕುಂದಣಗಾರ್ ನಿಧಿಯ ಹೂಜಿಯನ್ನು ಅಳತೆ ತೆಗೆದು ಕಂಚಿನಲ್ಲೇ ಎರಕ ಹೊಯ್ಯಿಸಲಿ. ಹಿಲ್ಡೆಸ್‌ಹೈಮ್‌ನ ಒಂದು ಬಟ್ಟಲಿನ ಪ್ರತಿಯನ್ನು, ಅನುಮತಿ ಪಡೆದು, ನಮ್ಮ ಬೆಳ್ಳಿ ಕೆಲಸದವರ ಕೈಯಲ್ಲಿ ಮಾಡಿಸಲಿ. ರಾಳದಲ್ಲಿ ಹೊಯ್ದು ಬೆಳ್ಳಿ ಬಣ್ಣ ಬಳಿದದ್ದು ಬೇಡ, ಅದು ಕೈಗೆ ಸುಳ್ಳು ಹೇಳುತ್ತದೆ. ಒಂದು ಕಲ್ಯಾಣದಲ್ಲಿರಲಿ, ಒಂದು ಚಿತ್ರದುರ್ಗದಲ್ಲಿ, ಒಂದು ಬೀದರಿನಲ್ಲಿ. ಗಾಜಿನ ಒಳಗಲ್ಲ, ಮೇಜಿನ ಮೇಲೆ.

ಪ್ರತಿಯೊಂದರ ತಳದಲ್ಲಿ ನಾಲ್ಕು ಸಾಲು ಇರಲೇಬೇಕು. ಇದು ಯಾವುದರ ನಕಲು. ಮೂಲ ಎಲ್ಲಿ ಸಿಕ್ಕಿತು, ಈಗ ಎಲ್ಲಿದೆ. ಈ ನಕಲನ್ನು ಯಾರು, ಯಾವ ಲೋಹದಲ್ಲಿ, ಯಾವ ವರ್ಷ ಮಾಡಿದರು. ಕೊನೆಯದಾಗಿ, ಮೂಲದ ತೂಕ ಎಷ್ಟು, ಇದರ ತೂಕ ಎಷ್ಟು. ಮಾಡಿದವರ ಹೆಸರು ಅಲ್ಲಿದ್ದರೆ ಅದು ಬರೀ ನಕಲಾಗಿ ಉಳಿಯುವುದಿಲ್ಲ, ಬೀದರಿನವರೋ ಕೊಲ್ಹಾಪುರದವರೋ 21ನೇ ಶತಮಾನದಲ್ಲಿ ಮಾಡಿದ ಅಸಲು ಕೆಲಸವೂ ಆಗುತ್ತದೆ. ಈ ನಾಲ್ಕು ಸಾಲು ಇಲ್ಲದ ವಸ್ತುವನ್ನು ಮ್ಯೂಸಿಯಂ ಅಂಗಡಿಯಲ್ಲಿ ಮಾರುವುದನ್ನು, ಅದು ಯೂರೋಪಿನ ಅಂಗಡಿಯಿರಲಿ ನಮ್ಮದಿರಲಿ, ಗಿರಾಕಿಯೇ ನಿಲ್ಲಿಸಬೇಕು. ಬೆಲೆ ಕೇಳುವ ಮೊದಲು ಮಗುಚಿ ನೋಡಬೇಕು. ತಳ ಬರಿದಾಗಿದ್ದರೆ ವಾಪಸ್ ಇಟ್ಟುಬಿಡಬೇಕು.

ಈಗಾಗಲೇ ಮನೆಗೆ ಬಂದಿರುವುದಕ್ಕೂ ಉಪಾಯವಿದೆ. ಖಾರಘರದ ಅಕ್ಕ ಮುಂದಿನ ಸಲ ಕುಕ್ಕರಿನ ಗ್ಯಾಸ್ಕೆಟ್ ತರಲು ಪಾತ್ರೆ ಅಂಗಡಿಗೆ ಹೋಗುವಾಗ ಆ ಬಟ್ಟಲನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಹೆಸರು ಕೊರೆಯುವವನ ಮುಂದೆ ಮಗುಚಿ ಇಟ್ಟು, ಮಗನಿಂದ ಕೇಳಿ ತಿಳಿದದ್ದನ್ನೆಲ್ಲ ಕನ್ನಡದಲ್ಲೇ ಕೊರೆಸಲಿ: ರೋಮನ್ ಬಟ್ಟಲಿನ ನಕಲು, ಮೇಲೆ ಬೆಳ್ಳಿ ನೀರು, ಮಗ ತಂದದ್ದು, ಇಂಥ ವರ್ಷ, ಖಾರಘರ. ಕೊರೆಯುವವನಿಗೆ ಕನ್ನಡ ಬರದಿದ್ದರೆ ಕಾಗದದ ಮೇಲೆ ಬರೆದುಕೊಟ್ಟರಾಯಿತು, ನೋಡಿ ನಕಲು ಮಾಡುತ್ತಾನೆ. ಆಮೇಲೆ ಮನೆಗೆ ಬಂದವರು ಖರೇ ಬೆಳ್ಳಿಯೇ ಎಂದು ಕೇಳಿದರೆ ದನಿ ತಗ್ಗಿಸಬೇಕಾಗಿಲ್ಲ. ಮಗುಚಿ ತೋರಿಸಿದರೆ ಸಾಕು, ಓದಿಕೊಳ್ಳುತ್ತಾರೆ.